ಓದಿಗೆ ಸಿಗುವ ಹಣ ಕೇಳುವ ನಾಲ್ಕು ಪ್ರಶ್ನೆ

ಬೆಂಗಳೂರು–ಮೈಸೂರು ರೈಲು ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯ ಸೇರುವ ಮುಂಚೆ ಹನಕೆರೆ ಎಂಬ ಸಣ್ಣ ನಿಲ್ದಾಣವಿದೆ. ಆ ಊರಿಂದ ಮಂಡ್ಯದ ಕಾಲೇಜಿಗೆ ಬಿಎಸ್ಸಿ ಓದಲು ಹೋಗಿಬರುವ ಹುಡುಗಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಮನೆಗೆ ಒಂದೂವರೆ ಎಕರೆ ಜಮೀನು, ಅದರಲ್ಲಿ ಕಬ್ಬು. ಹಿತ್ತಿಲಲ್ಲಿ ಎರಡು ಹಸು. ಹಾಲಿನ ಬಟವಾಡೆ ಬಂದ ದಿನ ಕಾಲೇಜಿನ ಫೀಸು ಕಟ್ಟುವ ಮನೆ. ಅವಳಿಗೆ ಎಂಎಸ್ಸಿ ಮಾಡಬೇಕು, ಆಮೇಲೆ ಸಂಶೋಧನೆಗೆ ಹೋಗಬೇಕು ಎಂಬ ಆಸೆ.

ಈ ದಾರಿಯಲ್ಲಿ ಅವಳಿಗೆ ಹಣ ಕೊಡುವವರು ಇಲ್ಲವೆಂದಲ್ಲ. ಸರ್ಕಾರ ಕೊಡುತ್ತದೆ, ಅಕಾಡೆಮಿಗಳು ಕೊಡುತ್ತವೆ, ಪ್ರತಿಷ್ಠಾನಗಳೂ ಕೊಡುತ್ತವೆ. ಆದರೆ ನಮ್ಮಲ್ಲಿ ಎಲ್ಲದಕ್ಕೂ ‘ಸ್ಕಾಲರ್‌ಶಿಪ್’ ಎಂಬ ಒಂದೇ ಹೆಸರು. ಬಡತನ ನೋಡಿ ಕೊಡುವುದೂ ಅದೇ, ಪರೀಕ್ಷೆ ಗೆದ್ದವರಿಗೆ ಕೊಡುವುದೂ ಅದೇ. ಕೊಡುವವರು ಏನು ಕೇಳುತ್ತಿದ್ದಾರೆಂದು ತಿಳಿಯದೆ ಅರ್ಜಿ ಹಾಕಿ, ಬರದಿದ್ದಾಗ ‘ವಶೀಲಿ ಇದ್ದೋರಿಗೇ ಬಿಡು’ ಎಂದು ಸುಮ್ಮನಾಗುವವರೇ ಹೆಚ್ಚು. ವಿಂಗಡಿಸಿ ನೋಡಿದರೆ ಓದಿಗೆ ಸಿಗುವ ಹಣವೆಲ್ಲ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಕೇಳುತ್ತದೆ: ನೀನು ಯಾರು? ನಿನಗೆ ಏನು ಗೊತ್ತು? ನೀನು ಏನು ಮಾಡಹೊರಟಿದ್ದೀಯ? ಏನು ಮಾಡಿ ತೋರಿಸಿದ್ದೀಯ? ಯಾವ ಹಣ ಯಾವ ಪ್ರಶ್ನೆ ಕೇಳುತ್ತಿದೆ ಎಂದು ಗೊತ್ತಾದರೆ ಅರ್ಧ ಅರ್ಜಿ ಬರೆದಂತೆಯೇ.

ನೀನು ಯಾರು?

ಇದು ಕಾಗದಪತ್ರದ ಪ್ರಶ್ನೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ, ರೈತ ವಿದ್ಯಾನಿಧಿ ಎಲ್ಲ ಈ ಗುಂಪಿನವು. ರಾಜ್ಯದ ಅರ್ಜಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ತಂತ್ರಾಂಶದ ಮೂಲಕ ಹೋಗುತ್ತವೆ. ವಿದ್ಯಾಸಿರಿಯು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ–ವಸತಿಗೆಂದು ರೂಪುಗೊಂಡ ಯೋಜನೆ; ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕವಿತ್ತು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಸ್ನಾತಕೋತ್ತರ ಕೋರ್ಸಿಗೆ 10,000 ಮತ್ತು 11,000 ಎಂದು ನಿಗದಿಯಾಗಿತ್ತು.

ಇಲ್ಲಿ ಜಾಣತನಕ್ಕೆ ಅಂಕವಿಲ್ಲ, ಹೊಂದಾಣಿಕೆಗೆ ಮಾತ್ರ ಬೆಲೆ. ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ನೋಡಿದರೆ ಅರ್ಜಿ ಎಲ್ಲಿ ಮುಗ್ಗರಿಸುತ್ತದೆಂದು ತಿಳಿಯುತ್ತದೆ. ಅಂಕಪಟ್ಟಿಯಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಅಲ್ಲಿ ಹೆಸರಿನ ಕಾಗುಣಿತ ಬೇರೆ. ಬ್ಯಾಂಕ್ ಖಾತೆ ಇದೆ, ಆದರೆ ಆಧಾರ್ ಜೋಡಣೆ ಆಗಿರುವುದು ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ. ಹಣ ಬಂದರೂ ಅಲ್ಲಿಗೇ ಹೋಗಿ ಕೂರುತ್ತದೆ.

ರೈತ ವಿದ್ಯಾನಿಧಿಯದು ಇನ್ನೊಂದು ಬಗೆಯ ಗಂಟು. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಅಂಗಡಿಯ ಹುಡುಗ ಪಹಣಿ ತೆಗೆದು ನೋಡುತ್ತಾನೆ.

‘ಏನಣ್ಣ, ಪಹಣಿ ಇನ್ನೂ ನಿಮ್ಮಪ್ಪನ ಹೆಸರಲ್ಲೇ ಅದಲ್ಲ?’

‘ನಮ್ಮಪ್ಪ ಹೋಗಿ ಹನ್ನೆರಡು ವರ್ಷ ಆಯ್ತಲ್ಲಪ್ಪ!’

ಉಳುವವನು ಮಗ, ಕಬ್ಬು ಕಡಿಯುವವನು ಮಗ, ಸಾಲ ತೀರಿಸುವವನೂ ಮಗ. ಆದರೆ ಪೌತಿ ಖಾತೆ ಆಗಿಲ್ಲ, ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ. ಅಣ್ಣತಮ್ಮಂದಿರು ಭಾಗಕ್ಕೆ ಕೂತು ಮಾತಾಡಿಲ್ಲ. ಹೀಗಾಗಿ ದಾಖಲೆಯ ಕಣ್ಣಿಗೆ ಅವನು ರೈತನೇ ಅಲ್ಲ, ಮಗಳು ರೈತನ ಮಗಳೂ ಅಲ್ಲ. ವಿದ್ಯಾರ್ಥಿವೇತನದ ಅರ್ಜಿ ಇಲ್ಲಿ ನಿಲ್ಲುವುದು ಕಾಲೇಜಿನಲ್ಲಲ್ಲ, ಮನೆಯ ಜಗುಲಿಯ ಮೇಲೆ.

ನಾಲೆಗೆ ನೀರು ಬಿಟ್ಟ ಮೇಲೆ ಒಟ್ಲು ಹಾಕಲು ಜಾಗ ಹುಡುಕುವ ರೈತ ಈ ಸೀಮೆಯಲ್ಲಿ ಯಾರೂ ಇಲ್ಲ. ಅರ್ಜಿ ಕರೆದ ಮೇಲೆ ಕಾಗದ ಹುಡುಕುವವರು ಮಾತ್ರ ಮನೆಮನೆಗೂ ಇದ್ದಾರೆ.

ನಿನಗೆ ಏನು ಗೊತ್ತು?

ಎರಡನೆಯ ಬಗೆಯ ಹಣ ಪರೀಕ್ಷೆಯ ಬಾಗಿಲಿನಿಂದ ಬರುತ್ತದೆ. ಇದು ಎಂಟನೇ ತರಗತಿಯಲ್ಲೇ ಶುರು. ರಾಷ್ಟ್ರೀಯ ಸಾಧನೆ ಹಾಗೂ ಪ್ರತಿಭಾ ವಿದ್ಯಾರ್ಥಿವೇತನ, ಅಂದರೆ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಪಿಯುಸಿ ಆದ ಮೇಲಿನದು ಇನ್‌ಸ್ಪೈರ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಈ ಯೋಜನೆ, ತಮ್ಮ ಮಂಡಳಿಯ 12ನೇ ತರಗತಿ ಪರೀಕ್ಷೆಯಲ್ಲಿ ಮೇಲಿನ ಶೇಕಡ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಇಟ್ಟಿದೆ: 60,000 ವಿದ್ಯಾರ್ಥಿವೇತನ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಅಷ್ಟು ಅಂಕ ತೆಗೆದವರು ಬಹುಪಾಲು ಎಂಜಿನಿಯರಿಂಗ್ ಇಲ್ಲವೇ ವೈದ್ಯಕೀಯಕ್ಕೆ ಹೊರಟುಬಿಡುತ್ತಾರೆ. ‘ಇಷ್ಟು ಅಂಕ ತೆಗೆದು ಬರೀ ಬಿಎಸ್ಸಿನಾ?’ ಎಂದು ನೆಂಟರ ಕೈಲಿ ಅನ್ನಿಸಿಕೊಂಡವಳಿಗೇ ಈ ಹಣ ಇಟ್ಟಿರುವುದು ಎಂಬ ಮಾತು ನೆಂಟರಿಗೂ ತಿಳಿಯಬೇಕು.

ಸ್ನಾತಕೋತ್ತರದ ಹಂತಕ್ಕೆ ಬಂದರೆ ಎಲ್ಲಕ್ಕಿಂತ ದೊಡ್ಡ ಬಾಗಿಲು ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್. ವಿಜ್ಞಾನದವರಿಗೆ ಸಿಎಸ್‌ಐಆರ್–ಯುಜಿಸಿ ನೆಟ್, ಉಳಿದವರಿಗೆ ಯುಜಿಸಿ ನೆಟ್. ಗೆದ್ದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಹಿರಿಯ ಫೆಲೋ (ಎಸ್‌ಆರ್‌ಎಫ್) ಆಗಿ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಈ ದರ 2023ರ ಜನವರಿಯಿಂದ ಜಾರಿಗೆ ಬಂದದ್ದು. ಇದು ದಾನವಲ್ಲ, ಸಂಶೋಧನೆ ಎಂಬ ಕೆಲಸಕ್ಕೆ ಕೊಡುವ ಕೂಲಿ. ಕನ್ನಡ ಎಂಎ ಓದಿದವರಿಗೂ ಇಷ್ಟೇ ಮೊತ್ತ. ಎರಡನೇ ಪತ್ರಿಕೆಯನ್ನು ಕನ್ನಡ ವಿಷಯದಲ್ಲೇ ಬರೆಯಬಹುದು. ಮೊದಲನೇ ಪತ್ರಿಕೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ಕನ್ನಡ ವಿದ್ಯಾರ್ಥಿಗಳು ಎಡವುವುದು ಅಲ್ಲೇ, ಆದ್ದರಿಂದ ತಯಾರಿಯೂ ಅಲ್ಲಿಂದಲೇ ಆರಂಭವಾಗಲಿ.

ಹಲವರು ಬೆರೆಸಿಕೊಳ್ಳುವ ಒಂದು ಸಂಗತಿಯನ್ನು ಇಲ್ಲೇ ಬಿಡಿಸಿಡಬೇಕು. ರಾಜ್ಯದ ಕೆ–ಸೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆಯೇ ಹೊರತು ಫೆಲೋಶಿಪ್ ಬರುವುದಿಲ್ಲ. ಕೆ–ಸೆಟ್ ಆಯಿತೆಂದು ನೆಟ್ ಕೈಬಿಟ್ಟವರು ಐದು ವರ್ಷದ ಸಂಬಳವನ್ನೇ ಕೈಬಿಟ್ಟಂತೆ. ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30. ಮಹಿಳೆಯರಿಗೆ, ಮೀಸಲಾತಿ ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ.

ಏನು ಮಾಡಹೊರಟಿದ್ದೀಯ?

ಈ ಮೂರನೇ ಪ್ರಶ್ನೆಗೆ ಉತ್ತರ ಹೇಳುವುದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಕಲಿಸುವುದಿಲ್ಲ. ಪ್ರಮಾಣಪತ್ರ ನಾಡಕಚೇರಿ ಕೊಡುತ್ತದೆ, ಅಂಕ ವಿಶ್ವವಿದ್ಯಾಲಯ ಕೊಡುತ್ತದೆ. ಯೋಚನೆಯನ್ನು ಮಾತ್ರ ನಾವೇ ಬರೆಯಬೇಕು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. 1977ರಿಂದ ಅದು ಎಂಜಿನಿಯರಿಂಗ್ ಕೊನೆ ವರ್ಷದವರ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತ ಬಂದಿದೆ. ಮೊತ್ತ ಕೆಲವೇ ಸಾವಿರ. ಆದರೆ ಆಯ್ಕೆಯಾದ ಪ್ರಾಜೆಕ್ಟನ್ನು ತಜ್ಞರು ಬಂದು ನೋಡುತ್ತಾರೆ, ಉತ್ತಮವಾದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಅರ್ಜಿ ಹೋಗುವುದು ಕಾಲೇಜಿನ ಮೂಲಕ.

ಮಂಡ್ಯದ ವಿದ್ಯಾರ್ಥಿಯೊಬ್ಬ ಆಲೆಮನೆಯ ಬಗ್ಗೆ ಅರ್ಜಿ ಬರೆಯುತ್ತಾನೆ ಎನ್ನಿ. ಮೊದಲ ಕರಡು ಹೀಗಿರುತ್ತದೆ: ‘ಗ್ರಾಮೀಣ ಭಾರತದ ಬೆಲ್ಲ ಉದ್ಯಮದಲ್ಲಿ ಅತ್ಯಾಧುನಿಕ ತಂತ್ರಜ್ಞಾನ ಅಳವಡಿಸಿ ರೈತರ ಬದುಕು ಹಸನುಗೊಳಿಸುವುದು.’ ಈ ಸಾಲನ್ನು ಯಾರು ಬೇಕಾದರೂ ಎಲ್ಲಿ ಕೂತು ಬೇಕಾದರೂ ಬರೆಯಬಹುದು. ಅವನು ಎರಡು ದಿನ ಆಲೆಮನೆಯಲ್ಲಿ ಕೂತು ಎದ್ದು ಬರಲಿ. ಆಗ ಕರಡು ಬದಲಾಗುತ್ತದೆ: ‘ಕೊಪ್ಪರಿಗೆಯ ಕೆಳಗೆ ಕಬ್ಬಿನ ಒಣ ಸಿಪ್ಪೆ ಉರಿಸುತ್ತಾರೆ. ಬೆಂಕಿಯ ಬಿಸಿಯಲ್ಲಿ ಒಂದಷ್ಟು ಪಾಲು ಹೊಗೆಗೂಡಿನಲ್ಲಿ ಹೊರಟುಹೋಗುತ್ತದೆ. ಆ ಬಿಸಿಯಿಂದ ಮುಂದಿನ ಕೊಪ್ಪರಿಗೆಯ ಹಾಲನ್ನು ಮೊದಲೇ ಬೆಚ್ಚಗಾಗಿಸಿದರೆ ಒಂದು ಅಡುಗೆಗೆ ಎಷ್ಟು ಸಿಪ್ಪೆ ಉಳಿಯುತ್ತದೆ? ಮೂರು ಆಲೆಮನೆಗಳಲ್ಲಿ ಹೊಗೆಯ ಉಷ್ಣಾಂಶ ಅಳೆದು, ಒಂದು ಕಡೆ ಕೊಳವೆ ಕೂರಿಸಿ ನೋಡುತ್ತೇವೆ. ಉಷ್ಣಮಾಪಕಕ್ಕೆ ಇಷ್ಟು, ಕೊಳವೆಗೆ ಇಷ್ಟು, ಬೆಸುಗೆಗೆ ಇಷ್ಟು.’

ಎರಡನೆಯದರಲ್ಲಿ ಒಂದು ಪ್ರಶ್ನೆ ಇದೆ, ಅಳತೆ ಇದೆ, ಜಾಗ ಇದೆ, ಖರ್ಚಿನ ಲೆಕ್ಕ ಇದೆ. ಉತ್ತರ ‘ಏನೂ ಉಳಿಯುವುದಿಲ್ಲ’ ಎಂದು ಬಂದರೂ ಅದು ಸಂಶೋಧನೆಯೇ. ಹಣ ಕೊಡುವವರು ಹುಡುಕುವುದು ಇದನ್ನು. ನಾಲ್ಕು ಸಾವಿರದ ಅರ್ಜಿಗೂ ನಲವತ್ತು ಲಕ್ಷದ ಅರ್ಜಿಗೂ ಅಸ್ಥಿಪಂಜರ ಒಂದೇ.

ಬೇಸಿಗೆ ರಜೆಗೆ ಇನ್ನೊಂದು ದಾರಿ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ವಿದ್ಯಾರ್ಥಿಗಳನ್ನು ಎರಡು ತಿಂಗಳ ಮಟ್ಟಿಗೆ ವಿಜ್ಞಾನಿಗಳ ಪ್ರಯೋಗಾಲಯಗಳಿಗೆ ಕಳಿಸುವ ಫೆಲೋಶಿಪ್ ನಡೆಸುತ್ತ ಬಂದಿದೆ. ಅಧ್ಯಾಪಕರೂ ಅರ್ಜಿ ಹಾಕಬಹುದೆಂಬುದು ಎಷ್ಟೋ ಕಾಲೇಜುಗಳಿಗೆ ಗೊತ್ತಿಲ್ಲ. ಅಲ್ಲಿಯೂ ಕೇಳುವುದು ಅದನ್ನೇ: ಏನು ಮಾಡಬೇಕೆಂದಿದ್ದೀರಿ, ನಿಮ್ಮ ಮಾತಲ್ಲಿ ಬರೆಯಿರಿ.

ಅಧ್ಯಾಪಕರ ದೊಡ್ಡ ಯೋಜನೆಗಳಿಗೆ ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಇದೆ. ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಯೋಜನೆಯೂ ಅದರಲ್ಲಿದೆ. ಕೇಂದ್ರದಲ್ಲಿ 2023ರ ಕಾಯಿದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದು, ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಸರ್ಬ್) ಕೆಲಸ ವಹಿಸಿಕೊಂಡಿದೆ. ಸಮಾಜ ವಿಜ್ಞಾನದವರಿಗೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಇದೆ.

ಏನು ಮಾಡಿ ತೋರಿಸಿದ್ದೀಯ?

ಕೊನೆಯದು ಪ್ರಶಸ್ತಿ. ಅದು ಮುಂದಿನ ಕೆಲಸಕ್ಕಲ್ಲ, ಆಗಿಹೋದ ಕೆಲಸಕ್ಕೆ. 1957ರಲ್ಲಿ ಸ್ಥಾಪನೆಯಾದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಹೆಸರು ಈಗ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಯುವ ವಿಭಾಗದಲ್ಲಿ ಉಳಿದಿದೆ. ಆ ಪುರಸ್ಕಾರ ಮೊದಲ ಸಲ 2024ರಲ್ಲಿ ಪ್ರದಾನವಾದಾಗ ವಿಜ್ಞಾನ ರತ್ನ ಬಂದದ್ದು ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ.

ಇಂಥ ಕೆಲಸ ಹೇಗಿರುತ್ತದೆ ಎಂದು ನೋಡಲು ಹನಕೆರೆಯವರು ದೂರ ಹೋಗಬೇಕಿಲ್ಲ. ಮಂಡ್ಯದ ಪಕ್ಕದಲ್ಲೇ ವಿ.ಸಿ. ಫಾರಂ ಇದೆ, ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಕೃಷಿ ಸಂಶೋಧನಾ ಕೇಂದ್ರ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ದುಡಿದದ್ದು ಇಲ್ಲಿ. ರಾಗಿಯ ಹೂ ತೀರ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಎರಡು ತಳಿ ಕೂಡಿಸುವುದು ಕಣ್ಣು, ಕೈ, ತಾಳ್ಮೆ ಮೂರನ್ನೂ ಬೇಡುವ ಕೆಲಸ. ಅವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಲ್ಲೇ ಎರಡೂ ನೆಲಗಳಿವೆ. ಅದೇ ಫಾರಮ್ಮಿನಿಂದ ಕೆಆರ್‌ಎಚ್–2 ಸಂಕರಣ ಭತ್ತವೂ ಬಂತು. ಆ ಸಾಲಿನ ಭತ್ತದ ಕೆಲಸದಿಂದ ಹೆಸರಾದ ಎಂ. ಮಹದೇವಪ್ಪನವರಿಗೆ 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಸಂದವು. ಇಬ್ಬರನ್ನೂ ಜನ ನೆನೆಯುವುದು ಬಿರುದಿನಿಂದಲ್ಲ, ‘ರಾಗಿ’ ‘ಭತ್ತ’ ಎಂಬ ವಿಶೇಷಣದಿಂದ.

ಪ್ರಶಸ್ತಿಯ ಹೆಸರಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ‘ನೀವು ರಾಷ್ಟ್ರೀಯ ಯುವ ವಿಜ್ಞಾನಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಳಿಸಿ’ ಎಂಬ ಮೆಸೇಜು, ದುಡ್ಡಿಗೆ ಸಿಗುವ ಗೌರವ ಡಾಕ್ಟರೇಟು, ಫಲಕದ ಜೊತೆ ಊಟದ ಬಿಲ್ಲು. ಗುರುತಿಸುವುದು ಸುಲಭ: ಹಣ ಅತ್ತ ಕಡೆಯಿಂದ ಬರಬೇಕು, ಇತ್ತ ಕಡೆಯಿಂದ ಹೋಗಬಾರದು.

ಮೊದಲು ಯಾವುದು?

ನಾಲ್ಕು ಪ್ರಶ್ನೆಗೂ ಒಂದೇ ದಿನ ಉತ್ತರಿಸಬೇಕಿಲ್ಲ. ನಾಲ್ಕನೆಯದು ಇಪ್ಪತ್ತು ವರ್ಷದ ಮಾತು. ಮೂರನೆಯದಕ್ಕೆ ಒಂದು ನೋಟ್‌ಬುಕ್ ಸಾಕು: ಹೊಲದಲ್ಲಿ, ಲ್ಯಾಬಿನಲ್ಲಿ, ಆಲೆಮನೆಯಲ್ಲಿ ಕಂಡು ‘ಇದ್ಯಾಕೆ ಹಿಂಗೆ?’ ಅನ್ನಿಸಿದ್ದನ್ನೆಲ್ಲ ಬರೆದಿಡುತ್ತ ಹೋಗಲಿ. ಎರಡನೆಯದು ಓದಿನ ಕೆಲಸ. ಮೊತ್ತ, ಗಡುವು, ಆದಾಯ ಮಿತಿಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಅಧಿಸೂಚನೆ ನೋಡಿಯೇ ಅರ್ಜಿ ಹಾಕಬೇಕು.

ಮೊದಲ ಪ್ರಶ್ನೆಯನ್ನು ಮಾತ್ರ ಈ ಭಾನುವಾರವೇ ಬಗೆಹರಿಸಲು ಕೂರಬಹುದು. ಅಂಕಪಟ್ಟಿ, ಆಧಾರ್, ಪ್ರಮಾಣಪತ್ರ, ಪಾಸ್‌ಬುಕ್ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು, ಹೆಸರು ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ನೋಡುವುದು. ಆಮೇಲೆ ಹಾಲು ಕರೆದು ಬಂದ ಅಪ್ಪನಿಗೆ ಕಾಫಿ ಕೊಟ್ಟು ಮೆಲ್ಲಗೆ ಕೇಳುವುದು: ‘ಅಪ್ಪ, ಪಹಣಿ ಯಾರ ಹೆಸರಲ್ಲಿ ಅದೆ? ದೊಡ್ಡಪ್ಪನ ಕರೆದು ಮಾತಾಡನ?’