ಮಂಡಕಳ್ಳಿಯ ತೆಳು ಗಾಳಿ

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಮೈಸೂರಿನ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಊರ ಪಕ್ಕದ ಮಂಡಕಳ್ಳಿಯಲ್ಲೇ ವಿಮಾನ ನಿಲ್ದಾಣ ಇರುವಾಗ, ಸೂಟ್‌ಕೇಸು ಹೊತ್ತು ಬೆಂಗಳೂರಿನ ದೇವನಹಳ್ಳಿ ನಿಲ್ದಾಣದವರೆಗೆ ಏಕೆ ಹೋಗಬೇಕು? ಪ್ರಯಾಣಿಕರು ಸಾಲದು, ಕಂಪನಿಗಳಿಗೆ ಗಿಟ್ಟುವುದಿಲ್ಲ ಎಂಬ ಉತ್ತರಗಳಲ್ಲಿ ಸತ್ಯವಿದೆ. ಆದರೆ ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ಅದು ನಮ್ಮ ಊರಿನ ಗಾಳಿ.

ಮಂಡಕಳ್ಳಿಯ ರನ್‌ವೇ 1740 ಮೀಟರ್ ಉದ್ದ. ನಂಜನಗೂಡು ರಸ್ತೆಯಲ್ಲಿ ಪೇಟೆಯಿಂದ ಹತ್ತು ಕಿಲೋಮೀಟರ್ ದೂರದ ಈ ನೆಲದಲ್ಲಿ ವಿಮಾನ ಇಳಿದದ್ದು ಹೊಸತೇನಲ್ಲ. ಮೈಸೂರು ಸಂಸ್ಥಾನ ಇಲ್ಲಿ ನಿಲ್ದಾಣ ಕಟ್ಟಿದ್ದು 1940ರಲ್ಲಿ. ಈಗಿನ ಕಟ್ಟಡ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಆಮೇಲೆ ಕಂಪನಿಗಳು ಬಂದವು, ಹೋದವು. ಆದ್ದರಿಂದ ಟಿಕೆಟ್ ತೆಗೆಯುವ ಮುನ್ನ ಆ ತಿಂಗಳ ವೇಳಾಪಟ್ಟಿ ನೋಡುವುದು ಲೇಸು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಹಿಗ್ಗಿ ತೆಳುವಾಗುತ್ತದೆ. ಏಪ್ರಿಲ್‌ನ ಮಧ್ಯಾಹ್ನ 34 ಡಿಗ್ರಿ ಬಿಸಿಲಿನಲ್ಲಿ ಮಂಡಕಳ್ಳಿಯ ಒಂದು ಘನ ಮೀಟರ್ ಗಾಳಿ ಸುಮಾರು 1.06 ಕಿಲೋ ತೂಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ತಂಪಿನಲ್ಲಿ ಅಷ್ಟೇ ಗಾಳಿಯ ತೂಕ 1.225 ಕಿಲೋ. ನೂರಕ್ಕೆ ಹದಿನಾಲ್ಕರಷ್ಟು ಗಾಳಿ ಖೋತಾ ಆದಂತೆ! ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಕೆಳಗೆ ಹರಿಯುವ ಗಾಳಿ. ಅದು ತೆಳುವಾದರೆ ಅಷ್ಟೇ ಭಾರ ಎತ್ತಲು ವಿಮಾನ ಹೆಚ್ಚು ವೇಗವಾಗಿ ಓಡಬೇಕು. ಎಂಜಿನ್ನಿಗೂ ಉಸಿರಾಡಲು ಅದೇ ತೆಳು ಗಾಳಿ, ಹಾಗಾಗಿ ಅದರ ನೂಕುವ ಬಲವೂ ಇಳಿಯುತ್ತದೆ. ಬೇಕಾದ ವೇಗ ಹೆಚ್ಚಿತು, ವೇಗ ಕೊಡುವ ಶಕ್ತಿ ಕುಗ್ಗಿತು. ಎರಡರ ಭಾರವನ್ನೂ ರನ್‌ವೇಯೇ ಹೊರಬೇಕು.

ಎಷ್ಟು ಉದ್ದ ಸೇರಿಸಬೇಕೆಂದು ಲೆಕ್ಕ ಹಾಕಲು ನಿಲ್ದಾಣ ಕಟ್ಟುವವರಲ್ಲಿ ಒಂದು ಸೂತ್ರವಿದೆ. ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ 7, ಆ ಎತ್ತರದ ಪ್ರಮಾಣಿತ ಉಷ್ಣತೆಗಿಂತ ಹೆಚ್ಚಾದ ಪ್ರತಿ ಡಿಗ್ರಿಗೆ ನೂರಕ್ಕೆ 1. ಸಮುದ್ರ ತೀರದ ತಂಪಿನಲ್ಲಿ 1500 ಮೀಟರ್ ಸಾಕಾಗುವ ವಿಮಾನವೊಂದನ್ನು ತೆಗೆದುಕೊಳ್ಳಿ. ನಮ್ಮ ಎತ್ತರಕ್ಕೆ ಅದು ಸುಮಾರು 1745 ಆಗುತ್ತದೆ, ಅಂದರೆ ಮಂಡಕಳ್ಳಿಯ ರನ್‌ವೇ ಅಲ್ಲಿಗೇ ಮುಗಿಯಿತು. ಮೇಲೆ ಏಪ್ರಿಲ್‌ನ ಬಿಸಿಲನ್ನೂ ಸೇರಿಸಿದರೆ ಸುಮಾರು 2150 ಮೀಟರ್ ಬೇಕು. ತುಂಬಿದ ಏರ್‌ಬಸ್ 320 ಅಥವಾ ಬೋಯಿಂಗ್ 737ಕ್ಕೆ ಇಲ್ಲಿ ಜಾಗ ಸಾಲದು ಎನ್ನುವುದು ಹೀಗೆ. ದೇವನಹಳ್ಳಿ ನಮಗಿಂತಲೂ ಎತ್ತರದಲ್ಲಿದೆ, 900 ಮೀಟರ್ ದಾಟುತ್ತದೆ. ಅಲ್ಲಿನ ಎರಡೂ ರನ್‌ವೇಗಳು ತಲಾ 4000 ಮೀಟರ್ ಇರುವುದಕ್ಕೆ ಇದೂ ಒಂದು ಕಾರಣ.

ಮಂಡಕಳ್ಳಿಗೆ ಒಗ್ಗಿಕೊಂಡದ್ದು ಎಟಿಆರ್ 72. ಎಪ್ಪತ್ತು ಚಿಲ್ಲರೆ ಆಸನದ, ಪ್ರೊಪೆಲರ್ ವಿಮಾನ. ಅದನ್ನು ಕಂಡು 'ಹಳೇ ಕಾಲದ್ದು' ಎನ್ನುವವರಿದ್ದಾರೆ, ನನಗೆ ಆ ಮಾತು ಹಿಡಿಸುವುದಿಲ್ಲ. ಜೆಟ್ ಎಂಜಿನ್ ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ಹಿಂದಕ್ಕೆ ಎಸೆಯುತ್ತದೆ. ಆರು ಅಲಗಿನ ಪ್ರೊಪೆಲರ್ ಬಹಳಷ್ಟು ಗಾಳಿಯನ್ನು ನಿಧಾನವಾಗಿ ನೂಕುತ್ತದೆ. ಕಡಿಮೆ ವೇಗದಲ್ಲಿ ಈ ಎರಡನೆಯ ಉಪಾಯಕ್ಕೇ ಇಂಧನದ ಉಳಿತಾಯ ಹೆಚ್ಚು. ಜೊತೆಗೆ ಹಾಗೆ ನೂಕಿದ ಗಾಳಿ ರೆಕ್ಕೆಯ ಮೇಲೇ ಹರಿದು ಎತ್ತುವ ಬಲವನ್ನೂ ಕೂಡಿಸುತ್ತದೆ.

ಪ್ರಯಾಣಿಕರಿಗೆ ಒಂದೆರಡು ಮಾತು. ಎಟಿಆರ್‌ಗೆ ಹತ್ತುವುದು ಹಿಂಬಾಗಿಲಿನಿಂದ, ಮುಂದಿನದು ಸಾಮಾನು ತುಂಬುವ ಬಾಗಿಲು. ತಲೆ ಮೇಲಿನ ಗೂಡು ಚಿಕ್ಕದು, ಕೈಚೀಲ ಸಣ್ಣದಿರಲಿ. ರೆಕ್ಕೆ ಮೇಲ್ಗಡೆ ಇರುವುದರಿಂದ ಯಾವ ಕಿಟಕಿಯಿಂದಲೂ ನೆಲ ಕಾಣುತ್ತದೆ. ರನ್‌ವೇಯ ತುದಿಗಳಲ್ಲಿ 09, 27 ಎಂದು ಬರೆದಿರುತ್ತದೆ. ಅವು ದಿಕ್ಸೂಚಿಯ 90 ಮತ್ತು 270 ಡಿಗ್ರಿ, ಅಂದರೆ ಪೂರ್ವ ಮತ್ತು ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿಯೇ ಏರಬಯಸುತ್ತದೆ, ಬೀಸುವ ಗಾಳಿ ಅಷ್ಟು ವೇಗವನ್ನು ಪುಕ್ಕಟೆ ಕೊಡುತ್ತದಲ್ಲ! ಮುಂಗಾರಿನ ಪಡುವಣ ಗಾಳಿಗೆ ಪಶ್ಚಿಮಕ್ಕೆ, ಮೂಡಣ ಗಾಳಿಗೆ ಪೂರ್ವಕ್ಕೆ. ಪೂರ್ವಕ್ಕೆ ಏರಿದರೆ ಎಡಗಿಟಕಿ ಹಿಡಿಯಿರಿ, ಚಾಮುಂಡಿ ಬೆಟ್ಟ ಅಲ್ಲೇ ಇದೆ.

ದುಬೈ, ಸಿಂಗಪುರಕ್ಕೆ ಹೊರಟವರಿಗೆ ಸಾಮಾನ್ಯವಾಗಿ ದೇವನಹಳ್ಳಿಯೇ ಗತಿ. ಕೆಎಸ್ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ಅಲ್ಲಿಗೇ ಹೋಗುತ್ತದೆ, ನಾಲ್ಕು ಗಂಟೆಗೂ ಹೆಚ್ಚು ಸಮಯ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿವೆ. ಚಳಿಗಾಲದ ನಸುಕಿನಲ್ಲಿ ಅಲ್ಲಿ ಮಂಜು ಕವಿಯುವುದುಂಟು. ಕೊಲ್ಲಿ ದೇಶಗಳಿಗಾದರೆ ಕಣ್ಣೂರು ಇನ್ನೊಂದು ದಾರಿ. 2018ರ ಡಿಸೆಂಬರ್‌ನಲ್ಲಿ ತೆರೆದ ಆ ನಿಲ್ದಾಣ ಕಡಲಿಗೆ ಹತ್ತಿರ, ತಗ್ಗಿನಲ್ಲಿದೆ, ರನ್‌ವೇ 3050 ಮೀಟರ್. ಮಳೆಗಾಲದಲ್ಲಿ ಆ ದಾರಿಯ ಮಾಕುಟ್ಟ ಘಾಟಿಯ ಸ್ಥಿತಿ ವಿಚಾರಿಸಿಯೇ ಹೊರಡಿ.

ಮಂಡಕಳ್ಳಿಯ ರನ್‌ವೇಯನ್ನು 2750 ಮೀಟರಿಗೆ ಉದ್ದಗೊಳಿಸುವ ಯೋಜನೆ ವರ್ಷಗಳಿಂದ ಚರ್ಚೆಯಲ್ಲಿದೆ. ಅದಕ್ಕೆ ನಂಜನಗೂಡು ಹೆದ್ದಾರಿಯೂ ಚಾಮರಾಜನಗರದ ರೈಲು ಹಳಿಯೂ ಅಡ್ಡವಾಗಿವೆ. ಹಳಿಯನ್ನು ಸರಿಸಬಹುದು, ರಸ್ತೆಯನ್ನು ಬಳಸಿ ಒಯ್ಯಬಹುದು. ಏಪ್ರಿಲ್‌ನ ಗಾಳಿಯನ್ನು ಮಾತ್ರ ಏನೂ ಮಾಡಲಾಗದು. ಆದ್ದರಿಂದಲೇ ಆ ಸಾವಿರ ಮೀಟರ್ ಬೇಕು.