ಬುಗಡಿಯ ತೂತು ಮಾಯುವ ಬಗೆ

ನಮ್ಮ ಆಯಿಯ ಮುತ್ತಿನ ಬುಗಡಿ ಮೂವತ್ತು ವರ್ಷ ಟ್ರಂಕಿನಲ್ಲೇ ಇತ್ತು. ಹೋದ ವರ್ಷ ಶ್ರಾವಣದಲ್ಲಿ ಅಣ್ಣನ ಮಗಳು ಅದನ್ನು ಹೊರಗೆ ತೆಗೆದಳು. ಎಂ.ಕೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಯ ಕಾಲೇಜಿಗೆ ಹೋಗಿಬರುವ ಹುಡುಗಿ. ಅಲ್ಲಿಯೇ ಒಂದು ಅಂಗಡಿಯಲ್ಲಿ ಎಡಗಿವಿಯ ಮೇಲಂಚಿಗೆ ಚುಚ್ಚಿಸಿಕೊಂಡು ಬಂದಳು. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. ಇಳಕಲ್ ಸೀರೆ ಉಟ್ಟು, ಆಯಿಯ ಬುಗಡಿ ಇಟ್ಟುಕೊಂಡು ಹೋಗಬೇಕೆಂಬುದು ಅವಳ ಆಸೆ. ಎರಡು ತಿಂಗಳಾದರೂ ಆ ಮಗ್ಗುಲಿಗೆ ಮಲಗಿದರೆ ನೋವು. “ಅತ್ಯಾ, ಹಾಲಿ ಚುಚ್ಚಿಸಿದಾಗ ಲಗೂನ ಆರಾಮಾಗಿತ್ತು. ಇದ್ಯಾಕ ಇನ್ನೂ ಹಸೀನ ಐತಿ?” ಎಂದು ಕೇಳಿದಳು.

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ಹಾಲೆ, ಮೇಲಂಚು ಎರಡೂ ಒಂದೇ ಕಿವಿಯವು, ಆದರೆ ಒಳಗಿನ ಸರಕು ಬೇರೆ.

ಕಿವಿಯ ಮೇಲಂಚನ್ನು ಬೆರಳಿನಿಂದ ಮಡಚಿ ಬಿಟ್ಟು ನೋಡಿ. ತಟ್ಟನೆ ಮೊದಲಿನಂತೆ ನಿಲ್ಲುತ್ತದೆ. ಹಾಗೆ ನಿಲ್ಲಿಸುವುದು ಒಳಗಿರುವ ಮೃದ್ವಸ್ಥಿ. ಸುಮಾರು ಒಂದು ಮಿಲಿಮೀಟರ್ ದಪ್ಪದ, ರಬ್ಬರಿನಂತೆ ಬಾಗುವ ಹಾಳೆ ಅದು. ಎಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳು ಅದರ ತುಂಬ ಹೆಣೆದುಕೊಂಡಿವೆ. ಹಾಲೆಯಲ್ಲಿ ಈ ಹಾಳೆ ಇಲ್ಲ. ಅಲ್ಲಿರುವುದು ಚರ್ಮ, ಕೊಬ್ಬು, ನಾರು ಮತ್ತು ಧಾರಾಳವಾಗಿ ಹರಿಯುವ ರಕ್ತ. ಮೃದ್ವಸ್ಥಿಗೆ ತನ್ನದೆಂಬ ಒಂದು ರಕ್ತನಾಳವೂ ಇಲ್ಲ. ಅದರ ಎರಡೂ ಮೈಗೆ ಪೆರಿಕಾಂಡ್ರಿಯಂ ಎಂಬ ತೆಳುಪೊರೆ ಅಂಟಿಕೊಂಡಿರುತ್ತದೆ. ರಕ್ತ ಬರುವುದು ಆ ಪೊರೆಯವರೆಗೆ ಮಾತ್ರ. ಮುಂದೆ ಆಮ್ಲಜನಕವೂ ಆಹಾರವೂ ಜಿನುಗಿ ಜಿನುಗಿಯೇ ಒಳಗಿನ ಜೀವಕೋಶಗಳನ್ನು ಮುಟ್ಟಬೇಕು. ಕಾಲುವೆ ಇಲ್ಲದ ಹೊಲಕ್ಕೆ ಬದುವಿನಾಚೆಯ ಹಳ್ಳದಿಂದ ತೇವ ಏರುತ್ತದಲ್ಲ, ಹಾಗೆ.

ಒಂದು ಸಂಜೆ ಮಲಪ್ರಭೆಯ ದಂಡೆಯಲ್ಲಿ ಅವಳನ್ನು ಇಳಿಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದೆ. ಕಿವಿ ಎಳೆಯ ಅರಳಿ ಎಲೆಯ ಹಾಗೆ ಕೆಂಪಗೆ ಬೆಳಗಿತು, ನರನರವಾಗಿ ನಾಳಗಳು ಕಂಡವು. ಅವೆಲ್ಲ ಚರ್ಮದ ನಾಳಗಳು. ಹೀಗೆ ಬೆಳಕಿಗೆ ಹಿಡಿದು ನೋಡುವುದು ಹಳೆಯ ಪದ್ಧತಿ. ಆಯುರ್ವೇದ ಗ್ರಂಥವಾದ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕಿವಿ ಚುಚ್ಚುವ ಕ್ರಮವೂ ಹರಿದ ಕಿವಿ ಕೂಡಿಸುವ ಕ್ರಮವೂ ಇದೆ. ಮಗುವಿನ ಕಿವಿಯನ್ನು ಎಳೆದು ಹಿಡಿದು, ಸೂರ್ಯನ ಬೆಳಕು ತೂರಿ ಕಾಣುವ ತೆಳುವಾದ ಜಾಗ ನೋಡಿ ಮೆಲ್ಲಗೆ ಚುಚ್ಚಬೇಕು ಎನ್ನುತ್ತದೆ ಅದು. ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ನಾಳಗಳಿಗೆ ಸೂಜಿ ತಾಗಿದರೆ ಜ್ವರ, ಬಾವು, ನೋವು ಎಂದು ಎಚ್ಚರಿಸುತ್ತದೆ. ಚುಚ್ಚುವ ಮೊದಲು ಬೆಳಕಿಗೆ ಹಿಡಿದು ನೋಡುವ ಆ ಪದ್ಧತಿ ನನಗೆ ಬಹಳ ಹಿಡಿಸುತ್ತದೆ.

ಚುಚ್ಚಿದ ಮೇಲೆ ಏನಾಗುತ್ತದೆ? ತೂತಿನ ಎರಡು ಬಾಯಿಗಳಿಂದ ಚರ್ಮ ಒಳಕ್ಕೆ ತೆವಳುತ್ತ ಬರುತ್ತದೆ. ಎರಡೂ ತುದಿ ನಡುವೆ ಸೇರಿದರೆ ಕಡ್ಡಿಯ ಸುತ್ತ ಒಂದು ಚರ್ಮದ ಕೊಳವೆ ಸಿದ್ಧ. ಹಾಲೆಯಲ್ಲಿ ಇದಕ್ಕೆ ಆರರಿಂದ ಎಂಟು ವಾರ ಸಾಕು. ಮೇಲಂಚಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಬೇಕು. ಹೊರಗಿನ ಬಾಯಿಗಳು ಮೊದಲು ಮಾಯುವುದರಿಂದ ಎರಡನೆಯ ತಿಂಗಳಿಗೇ ಎಲ್ಲ ಆರಾಮಾದಂತೆ ಕಾಣುತ್ತದೆ. ನಡುವೆ ಇನ್ನೂ ಹಸಿ ಗಾಯವಿರುತ್ತದೆ. ಆಗ ಆಭರಣ ಬದಲಿಸಿದರೆ ಎಳೆಯ ಕೊಳವೆ ಹರಿದು, ಮೊದಲಿನಿಂದ ಶುರುವಾಗುತ್ತದೆ. ನಮ್ಮ ಹುಡುಗಿಗೆ ಆ ಉತ್ಸವ ಬುಗಡಿಯಿಲ್ಲದೆಯೇ ಕಳೆಯಿತು. ಬೇಸರವಾಯಿತು ಅವಳಿಗೆ, ನನಗೂ.

ಕಡ್ಡಿಯ ಬುಡಕ್ಕೆ ಹಳದಿ ಬಿಳುಪಿನ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ನೋಡಿ ಮನೆಯವರೆಲ್ಲ ಕೀವು ಎಂದು ಹೆದರಿದರು. ಗಾಯದಿಂದ ಜಿನುಗುವ ನೀರು ಒಣಗಿದರೂ ಹೀಗೇ ಕಾಣುತ್ತದೆ. ಮಾಯುವ ಗಾಯದಲ್ಲಿ ಅದು ಸಹಜ. ಉಗುರಿನಿಂದ ಕೀಳಬಾರದು, ಕಡ್ಡಿಯನ್ನು ತಿರುಗಿಸಬಾರದು. ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆದರೆ ತಿರುಗಿಸಿದಾಗ ಒಣಗಿದ ಹಕ್ಕಳೆ ಗರಗಸದಂತೆ ಒಳಗಿನ ಹೊಸ ಚರ್ಮವನ್ನು ಕೊಯ್ಯುತ್ತದೆ. ಔಷಧಿ ಅಂಗಡಿಯ ಸಲೈನಿನಲ್ಲಿ, ಅಂದರೆ ಲೀಟರಿಗೆ 9 ಗ್ರಾಂ ಉಪ್ಪಿರುವ ಶುದ್ಧ ನೀರಿನಲ್ಲಿ, ಗಾಜ್ ಬಟ್ಟೆ ಅದ್ದಿ ನಾಲ್ಕೈದು ನಿಮಿಷ ಒತ್ತಿ ಹಿಡಿದರೆ ಹಕ್ಕಳೆ ತಾನೇ ಮೆತ್ತಗಾಗಿ ಬರುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಕೋಶಗಳನ್ನೂ ಸುಡುತ್ತವೆ. ಅರಿಸಿನ, ಕೊಬ್ಬರಿ ಎಣ್ಣೆಯ ಮೇಲೆ ನನಗೂ ಪ್ರೀತಿ ಇದೆ. ಆದರೆ ಅಡುಗೆಮನೆಯ ಡಬ್ಬಿಯ ಅರಿಸಿನದಲ್ಲಿ ಸೂಕ್ಷ್ಮಜೀವಿ ಇಲ್ಲವೆಂದು ಹೇಳಲಾಗದು, ಎಣ್ಣೆ ತೂತಿನ ಬಾಯಿ ಮುಚ್ಚಿ ಒಳಗಿನ ನೀರು ಹೊರಬರದಂತೆ ಮಾಡುತ್ತದೆ.

ನಿಜವಾದ ಅಪಾಯ ಬೇರೆಯೇ ಇದೆ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ನೀರಿದ್ದಲ್ಲಿ, ತೇವವಿದ್ದಲ್ಲಿ ಬದುಕುತ್ತದೆ. ಅದು ಪೊರೆಗೂ ಮೃದ್ವಸ್ಥಿಗೂ ನಡುವೆ ಸೇರಿಕೊಂಡರೆ ಕೀವು ತುಂಬಿ ಎರಡನ್ನೂ ಬೇರೆ ಮಾಡುತ್ತದೆ. ಜಿನುಗಿ ಬರುತ್ತಿದ್ದ ಆಹಾರವೂ ನಿಂತು ಮೃದ್ವಸ್ಥಿ ಸಾಯುತ್ತದೆ. ಆಮೇಲೆ ಕಿವಿ ಮುದುಡಿ ಹೂಕೋಸಿನಂತಾಗುತ್ತದೆ. 2000ದಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಒಂದು ಸಣ್ಣ ಆಭರಣ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡವರಲ್ಲಿ 7 ಮಂದಿಗೆ ಈ ಸೋಂಕು ಖಚಿತವಾಯಿತು, 18 ಮಂದಿಗೆ ಇರಬಹುದೆಂಬ ಸಂಶಯವಿತ್ತು. ಸೋಂಕಿನ ಮೂಲ, ಶುದ್ಧಿಗೆಂದೇ ಇಟ್ಟಿದ್ದ ಸ್ಪ್ರೇ ಬಾಟಲಿ. ಖಚಿತವಾದವರೆಲ್ಲ ಹತ್ತರಿಂದ ಹತ್ತೊಂಬತ್ತು ವರ್ಷದವರು. ಹೆಚ್ಚಿನವರಿಗೆ ಮೊದಲು ಕೊಟ್ಟ ಆ್ಯಂಟಿಬಯೋಟಿಕ್ ಈ ಬ್ಯಾಕ್ಟೀರಿಯಾದ ಮೇಲೆ ನಡೆಯುವಂಥದ್ದೇ ಆಗಿರಲಿಲ್ಲ. ಕೆಲವರ ಕಿವಿಯ ಆಕಾರ ಕೆಟ್ಟೇ ಹೋಯಿತು.

ಈ ಸೋಂಕನ್ನು ಪತ್ತೆ ಹಚ್ಚಲು ಒಂದು ಒಳ್ಳೆಯ ಗುರುತಿದೆ, ಅದು ಮನೆಮನೆಯಲ್ಲೂ ಗೊತ್ತಿರಬೇಕು. ಕಿವಿಯ ಮೇಲ್ಭಾಗ ಕೆಂಪಾಗಿ, ಬಿಸಿಯಾಗಿ, ಬಾತು ಜಗ್ಗುತ್ತಿದ್ದು, ಹಾಲೆ ಮಾತ್ರ ಎಂದಿನಂತಿದ್ದರೆ ಸೋಂಕು ಮೃದ್ವಸ್ಥಿಯ ಪೊರೆಗೆ ತಗುಲಿರಬಹುದು. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲವಾದ್ದರಿಂದ ಬಾವು ಅಲ್ಲಿಗೆ ಬಂದು ನಿಲ್ಲುತ್ತದೆ. ಆ ದಿನವೇ ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಹೋಗಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ ಇಲ್ಲಿ ಸಾಲದು.

ಗನ್ನಿನಿಂದ ಚುಚ್ಚಿದರೆ ಮೃದ್ವಸ್ಥಿ ಒಡೆಯುತ್ತದೆ, ಸೂಜಿಯಿಂದಾದರೆ ಇಲ್ಲ ಎಂಬ ಮಾತಿದೆ. ನೆದರ್‌ಲೆಂಡ್ಸಿನ ವೈದ್ಯರು ಮೃತದೇಹಗಳ 22 ಕಿವಿಗಳನ್ನು ಬೇರೆ ಬೇರೆ ವಿಧಾನದಲ್ಲಿ ಚುಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ 2008ರಲ್ಲಿ ವರದಿ ಮಾಡಿದರು: ಪೊರೆಗೂ ಮೃದ್ವಸ್ಥಿಗೂ ಆದ ಪೆಟ್ಟು ಎಲ್ಲದರಲ್ಲೂ ಒಂದೇ. ಆದರೂ ಮೇಲಂಚಿಗೆ ಗನ್ ಬೇಡ ಎಂದೇ ನಾನು ಹೇಳುತ್ತೇನೆ. ಅದರ ಪ್ಲಾಸ್ಟಿಕ್ ಭಾಗಗಳನ್ನು ಸಲಕರಣೆ ಶುದ್ಧಿ ಮಾಡುವ ಆಟೋಕ್ಲೇವಿನ 121 ಡಿಗ್ರಿ ಹಬೆಯಲ್ಲಿ ಇಡಲಾಗದು. ಅದರ ಟಿಕ್ಕಿಯ ಕಡ್ಡಿ ಗಿಡ್ಡ. ಬಾವು ಬಂದರೆ ಹಿಂದಿನ ಕ್ಲಿಪ್ಪು ಕಿವಿಯನ್ನು ಹಿಸುಕುತ್ತದೆ.

ನಮ್ಮ ಕಡೆಯ ಪತ್ತಾರರು ಬಂಗಾರದ ತೆಳು ತಂತಿಯ ತುದಿಯನ್ನೇ ಚೂಪು ಮಾಡಿ ಅದರಿಂದಲೇ ಚುಚ್ಚಿ, ಬಾಗಿಸಿ ರಿಂಗಿನಂತೆ ಬಿಡುತ್ತಿದ್ದರು. ಹಗುರ, ಸಡಿಲ, ಬಾತರೂ ಜಾಗವಿತ್ತು. 22 ಕ್ಯಾರೆಟ್ ಎಂದರೆ ಶೇ. 91.6 ಬಂಗಾರ, ಅಗ್ಗದ ಟಿಕ್ಕಿಗಳಲ್ಲಿ ಇರುವ ನಿಕಲ್‌ನಿಂದ ಬರುವ ತುರಿಕೆ ಅದರಿಂದ ಬರುವುದು ತೀರ ಕಡಿಮೆ. ಭಾರದ ಬುಗಡಿ ಬಂದದ್ದು ತೂತು ಪೂರ್ತಿ ಮಾಯ್ದ ಮೇಲೆ. ಗಂಡಸರು ಕಿವಿಗೆ ಇಡುವ ಭಿಕಬಾಳಿ ಎಂಬ ಆಭರಣಕ್ಕೂ ಮೇಲಂಚೇ ಜಾಗ. ಆ ಕಾಲದಲ್ಲಿ ಕೈತೊಳೆಯುವ, ಕುದಿಸುವ ಶಿಸ್ತು ಎಲ್ಲ ಕಡೆ ಇತ್ತೆಂದಲ್ಲ. ಆದರೆ ಕಾಯುವುದು ಅವರಿಗೆ ಗೊತ್ತಿತ್ತು.

ಸಂಕ್ರಮಣಕ್ಕೆ ಮನೆಯವರೆಲ್ಲ ಹೊಳೆಗೆ ಇಳಿದಾಗ ನಮ್ಮ ಹುಡುಗಿ ಕುತ್ತಿಗೆಯವರೆಗೆ ಮಾತ್ರ ಮುಳುಗಿದಳು. ಬೇಸಿಗೆಗೆ ಹಕ್ಕಳೆ ನಿಂತಿತು. ಈ ಸಲ ಉತ್ಸವದ ಮುಂಚಿನ ವಾರ, ಕುದಿಸಿ ಒರೆಸಿದ ಬುಗಡಿಯ ಕಡ್ಡಿ ಒಂದು ಹನಿ ರಕ್ತವಿಲ್ಲದೆ ಒಳಗೆ ಜಾರಿತು. ನಾನು ಹಿಂದಿನಿಂದ ತಿರುಪು ಹಾಕಿದೆ. ಬಲಗಿವಿಗೆ ಯಾವಾಗ ಅಂತ ಕೇಳಿದಳು. “ಒಂದ ವಾರ ಎಡಮಗ್ಗಲಾ ಮಲಗಿ ನೋಡು, ನೋವಾಗಲಿಲ್ಲಂದ್ರ ಹೋಗೂಣು” ಅಂದೆ.