ಮಣ್ಣು ಬಲ್ಲ ಮಕ್ಕಳಿಗೆ ನಕ್ಷೆಯ ಕೆಲಸ

ಒಂದೇ ಹೊಲ, ಒಂದೇ ಬೀಜ, ಒಂದೇ ಗೊಬ್ಬರ. ಆದರೂ ಮೂಡಣ ಬದುವಿನ ಕಡೆ ಜೋಳ ಆಳೆತ್ತರ ಬೆಳೆದು, ಪಡುವಣ ಕಡೆ ಮೊಣಕಾಲುದ್ದಕ್ಕೇ ನಿಲ್ಲುವುದನ್ನು ನೀವು ನೋಡಿದ್ದೀರಿ. ‘ಇಲ್ಲಿ ಹೀಗೇಕೆ, ಅಲ್ಲಿ ಹಾಗೇಕೆ?’ ಎಂಬ ಪ್ರಶ್ನೆಯನ್ನು ನಕ್ಷೆ, ಉಪಗ್ರಹ ಚಿತ್ರ ಮತ್ತು ಲೆಕ್ಕಗಳ ನೆರವಿನಿಂದ ಬಿಡಿಸುವುದೇ ಸ್ಥಳ ವಿಶ್ಲೇಷಣೆ. ಇದನ್ನು ಬಲ್ಲ ಯುವಕ ಯುವತಿಯರಿಗೆ ಹಲವು ವಿಜ್ಞಾನ ಶಾಖೆಗಳ ಸಂಶೋಧನೆಯಲ್ಲಿ ಕೆಲಸವುಂಟು.

ಎಲ್ಲೆಲ್ಲಿ ಬೇಕು?

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಅವರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಹೆಚ್ಚಿನವು ಒಂದು ಕೈಪಂಪಿನ ಸುತ್ತಲೇ ಇದ್ದವು. ರೋಗ ನೀರಿನಿಂದ ಹರಡುತ್ತದೆಂಬ ಅವರ ವಾದಕ್ಕೆ ಇದು ಬಲ ಕೊಟ್ಟಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಗೂ ಇದೇ ದಾರಿ. ಮಂಗ ಸತ್ತ ಜಾಗ, ಉಣುಗು ಹೆಚ್ಚಿದ ಕಾಡಂಚು ಗುರುತಿಸಿದರೆ ಅಪಾಯವಿರುವ ಊರುಗಳನ್ನು ಎಚ್ಚರಿಸಬಹುದು. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ದನಕರುಗಳ ರೋಗಗಳ ಬಗ್ಗೆ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ.

ಮಣ್ಣಿನ ವಿಷಯದಲ್ಲಿ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಸುಜಲಾ ಯೋಜನೆಯಲ್ಲಿ ಸರ್ವೆ ನಂಬರುವಾರು ಮಣ್ಣಿನ ಆಳ, ಇಳಿಜಾರು, ಸಾರಾಂಶಗಳ ನಕ್ಷೆ ತಯಾರಾದದ್ದು ನಿಮಗೆ ತಿಳಿದಿರಬಹುದು. ಅಂತರ್ಜಲ, ಅರಣ್ಯ, ಹವಾಮಾನ ಶಾಖೆಗಳಿಗೂ ಈ ವಿದ್ಯೆ ಬೇಕು.

ಹೊಲ ಅಡವಿಡಬೇಡಿ

ಕಳೆದ ವರ್ಷ ರೈತರೊಬ್ಬರು ನನ್ನಲ್ಲಿಗೆ ಬಂದು, “ಸಾರ್, ಮಗಳಿಗೆ ಸಂಶೋಧನೆ ಕೆಲಸ ಕೊಡಿಸ್ತೀನಿ ಅಂತ ಒಬ್ಬ ಎರಡು ಲಕ್ಷ ಕೇಳ್ತಾನೆ. ಹೊಲ ಅಡ ಇಡಲಾ?” ಎಂದರು. ಬೇಡವೆಂದೆ. ಹುಡುಗಿ ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಪ್ರಕಟಣೆ ನೋಡಿ ತಾನೇ ನೇರ ಸಂದರ್ಶನಕ್ಕೆ ಹೋದಳು. ಎರೆಮಣ್ಣಿನ ಬಿರುಕಿನ ಬಗ್ಗೆ ಕೇಳಿದ ಪ್ರಶ್ನೆಗೆ ಮನೆಯ ಹೊಲದ ಅನುಭವದಿಂದಲೇ ಉತ್ತರ ಕೊಟ್ಟಳು. ಕೆಲಸ ಸಿಕ್ಕಿತು. ಖರ್ಚಾದದ್ದು ಬಸ್ ಚಾರ್ಜು ಮಾತ್ರ.

ಒಂದು ಮಾತು ಮೊದಲೇ ತಿಳಿದಿರಲಿ. ಇಂಥ ಹುದ್ದೆಗಳಲ್ಲಿ ಬಹುಪಾಲು ತಾತ್ಕಾಲಿಕ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರಲ್ಲಿ ನಿಗದಿ ಮಾಡಿದಂತೆ, ನೆಟ್ ಅಥವಾ ಗೇಟ್ ಪಾಸಾದ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ. ಆ ಅವಧಿಯಲ್ಲೇ ಪಿಎಚ್.ಡಿ.ಗೆ ಸೇರುವುದು, ಖಾಯಂ ಹುದ್ದೆಯ ಪರೀಕ್ಷೆಗೆ ಓದುವುದು ಜಾಣತನ.

ಏನು ಮಾಡಬೇಕು?

1. ಕೃಷಿ, ಭೂಗೋಳ, ಭೂವಿಜ್ಞಾನ, ಅರಣ್ಯ, ಕಂಪ್ಯೂಟರ್ ಇವುಗಳಲ್ಲಿ ಯಾವುದನ್ನು ಓದಿದರೂ ಸಂಖ್ಯಾಶಾಸ್ತ್ರವನ್ನು ಬಿಡಬಾರದು.

2. ನಕ್ಷೆ ಮಾಡುವ ಕ್ಯೂ.ಜಿ.ಐ.ಎಸ್. ತಂತ್ರಾಂಶ ಉಚಿತ. ಅದನ್ನು ಕಲಿಯಬೇಕು.

3. 1966ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆಯ ಉಚಿತ ದೂರ ತರಬೇತಿಗಳನ್ನು ಬಳಸಿಕೊಳ್ಳಬೇಕು.

4. ಸಂಸ್ಥೆಗಳ ಪ್ರಕಟಣೆಗಳನ್ನು ನೇರವಾಗಿ ನೋಡಬೇಕು. ಮಧ್ಯವರ್ತಿಗೆ ಬಿಡಿಗಾಸೂ ಕೊಡಬಾರದು.

ಉಪಗ್ರಹ ಆಕಾಶದಿಂದ ಹಸಿರನ್ನು ಕಾಣಬಲ್ಲದು. ಅದು ರಾಗಿಯೋ ಕಳೆಯೋ ಎಂದು ಹೊಲಕ್ಕೆ ಹೋಗಿ ನೋಡಿ ಹೇಳುವವರು ಬೇಕೇ ಬೇಕು. ಆ ಕಣ್ಣು ನಿಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ. ಓದಿಸುವುದು ನಿಮ್ಮ ಕೈಯಲ್ಲಿದೆ.